ಮಿಡಿ ಬರುವ ಹೊತ್ತಿಗೆ ಸಾಸಿವೆ

ಸಾಗರ
ದೀಪಾವಳಿಯ ಮಾರನೇ ವಾರ

ಪ್ರೀತಿಯ ಪುಟ್ಟಿ,

ಹಿತ್ತಿಲಲ್ಲಿ ಸಾಸಿವೆ ಹಾಕಿ ಕಾಳು ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಮಾಡು. ಆದರೆ ದುಡ್ಡಿನ ಲೆಕ್ಕ ಹಾಕಲು ಹೋಗಬೇಡ. ಸಣ್ಣ ಸಾಸಿವೆಯನ್ನು ಸಾವಿರ ಕಾಳು ಎಣಿಸಿ ತೂಗಿದರೂ ಎರಡು-ಮೂರು ಗ್ರಾಂ ಅಷ್ಟೆ. ನಿನ್ನ ಎರಡು ಮಡಿಯಿಂದ ಅರ್ಧ ಬಾಟಲಿ ಸಿಕ್ಕರೆ ಪುಣ್ಯ. ಒಗ್ಗರಣೆಗೆ ಬೇಕೆಂದಾದರೆ ಅಂಗಡಿಯಿಂದಲೇ ತಾ. ನಾನು ಬೆಳೆಯುವುದು ಅರೆಯಲಿಕ್ಕೆ.

ನೀನು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು, ನಿನಗೆ ಇದು ಗೊತ್ತಿರುತ್ತೆ. ಕಾಳನ್ನು ಹಾಗೇ ಮೂಸಿದರೆ ಘಾಟಿಲ್ಲ. ಸಿನಿಗ್ರಿನ್ ಅನ್ನುವ ಸಂಯುಕ್ತ ಒಂದು ಕಡೆ, ಮೈರೋಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆ ಕೋಶಗಳಲ್ಲಿ ಕೂತಿರುತ್ತವೆ. ಜಜ್ಜಿ ನೀರು ಸೋಕಿಸಿದಾಗ ಎರಡೂ ಸೇರಿ ಘಾಟು ಮೂಗಿಗೆ ಏರುತ್ತೆ. ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಸತ್ತೇ ಹೋಯಿತು, ಉಳಿಯುವುದು ಚಟಪಟ ಸದ್ದು, ಹುರಿದ ಪರಿಮಳ. ಮೂರು ತಿಂಗಳು ಸಾಕಿದ ಕಾಳನ್ನು ಹಾಗೆ ಸಿಡಿಸಿ ಮುಗಿಸಲು ನನಗಂತೂ ಮನಸ್ಸು ಬರುವುದಿಲ್ಲ. ಸೌತೆಕಾಯಿ ಸಾಸಿವೆಗೆ ಹಸಿ ಕಾಯಿತುರಿಯ ಜೊತೆ ತಣ್ಣೀರಲ್ಲಿ ಅರೆದು ನೋಡು, ಹೊಸ ಕಾಳಿಗೂ ಡಬ್ಬದಲ್ಲಿ ಮುಗ್ಗಿದ ಕಾಳಿಗೂ ಇರುವ ವ್ಯತ್ಯಾಸ ಮೊದಲ ತುತ್ತಿಗೇ ತಿಳಿಯುತ್ತೆ.

ಬಿತ್ತಲು ಇದೇ ಸಮಯ. ನಿಮ್ಮ ಕಡೆ ಮಳೆ ಹಿಂದೆ ಸರಿದು ಬೆಳಿಗ್ಗೆ ಚಳಿ ಹತ್ತಿರಬೇಕು. ಅಡುಗೆಮನೆ ಡಬ್ಬದ ಕಾಳೂ ಹುಟ್ಟುತ್ತೆ, ತೀರಾ ಹಳತಾಗಿರಬಾರದು ಅಷ್ಟೆ. ಒಂದು ಹಿಡಿ ಮರಳಿಗೆ ಒಂದು ಚಿಟಿಕೆ ಕಾಳು ಬೆರೆಸಿ ಸಾಲಿನಲ್ಲಿ ಉದುರಿಸು, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತೆ. ಮೇಲೆ ಅರ್ಧ ಇಂಚು ಮಣ್ಣು ಸಾಕು. ನಿಮ್ಮ ಧಾರವಾಡದ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ, ಮಡಿಯನ್ನು ಸ್ವಲ್ಪ ಎತ್ತರಿಸಿಕೋ. ಒಂದು ವಾರದೊಳಗೆ ಮೊಳಕೆ ಕಾಣುತ್ತೆ. ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಟ್ಟು ಉಳಿದದ್ದನ್ನು ಕಿತ್ತು ಪಲ್ಯ ಮಾಡು. ಅದಾದ ಮೇಲೆ ಮಾತ್ರ ಎಲೆ ಮುಟ್ಟಬೇಡ. ಸೊಪ್ಪೂ ಬೇಕು ಕಾಳೂ ಬೇಕು ಅಂದರೆ ಎರಡೂ ಅರೆಬರೆ.

ಡಿಸೆಂಬರ್ ನಡುವಿಗೆ ಹೂ. ತುಡುವೆ, ಕೋಲುಜೇನು ಎರಡೂ ಬರುತ್ತವೆ, ಬೆಳಿಗ್ಗೆ ಹೊತ್ತು ಮಡಿಯ ಹತ್ತಿರ ನಿಂತರೆ ಅವುಗಳ ಗುಂಯ್‌ಗುಡುವಿಕೆ ಬಿಟ್ಟು ಬೇರೇನೂ ಕೇಳಿಸದು. ಮೋಡ ಮುಚ್ಚಿದ ದಿನಗಳಲ್ಲಿ ಹೂಗೊಂಚಲ ತುದಿಗೆ ಹೇನು ಮೆತ್ತಿಕೊಳ್ಳುತ್ತೆ. ಮೊದಲು ನೀರು ರಾಚಿ ಉದುರಿಸು. ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಜೊತೆಗೆ ಚೂರು ಸೋಪು. ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆ. ಗುಲಗಂಜಿ ಹುಳು ಕಂಡರೆ ಯಾವ ಔಷಧಿಯೂ ಬೇಡ, ಆ ಹೇನುಗಳನ್ನು ಅದೇ ನೋಡಿಕೊಳ್ಳುತ್ತೆ.

ಇನ್ನು ಕಷ್ಟದ ಭಾಗ. ಹೂ ಉದುರಿದ ಮೇಲೆ ಗಿಡ ನೋಡಲಾಗದಷ್ಟು ಕುರೂಪಿ. ಎಲೆ ಹಳದಿ, ಕಾಂಡ ಬರಲು, ಅರ್ಧ ಗಿಡ ಪಕ್ಕಕ್ಕೆ ವಾಲಿರುತ್ತೆ. ಅಲ್ಲಿ ನಿನ್ನ ಅತ್ತೆಯವರು ‘ಕಿತ್ತು ಎಸೆಯಬಾರದೇನೇ’ ಅಂದೇ ಅನ್ನುತ್ತಾರೆ. ಒಂದು ಕೋಲಿಗೆ ಕಟ್ಟಿ ಸುಮ್ಮನಿರು. ಆ ಹೊತ್ತಿನಲ್ಲೇ ಕಾಳು ಬಲಿಯುವುದು. ಕಾಯಿ ತುಂಬುವವರೆಗೆ ನೀರು ಕೊಡು, ಬಣ್ಣ ತಿರುಗಿದ ಮೇಲೆ ನಿಲ್ಲಿಸು.

ಕೆಳಗಿನ ಒಂದು ಕಾಯಿ ಬಿಡಿಸಿ ನೋಡು. ಎರಡಿಂಚಿನ ಒಳಗಿನ ಉದ್ದ, ತುದಿಗೊಂದು ಕೊಕ್ಕು. ಎರಡು ಸಿಪ್ಪೆ ಕಳಚಿದರೆ ನಡುವೆ ತೆಳ್ಳಗಿನ ಪರದೆ, ಅದರ ಎರಡೂ ಬದಿಗೆ ಕಾಳು ಅಂಟಿಕೊಂಡಿರುತ್ತೆ. ಹಸಿರಿದ್ದರೆ ಇನ್ನೂ ಎಳೆಯದು. ಕೆಂಗಂದಾಗಿ, ಉಗುರಲ್ಲಿ ಒತ್ತಿದರೂ ಜಜ್ಜದಿದ್ದರೆ ಬಲಿತಿದೆ. ಮೇಲಿನ ಕಾಯಿಗಳೂ ಒಣಗಲಿ ಅಂತ ಕಾಯಬೇಡ, ಅಷ್ಟರಲ್ಲಿ ಕೆಳಗಿನವು ಬಿಸಿಲಿಗೆ ತಾವೇ ಒಡೆದು ಕಾಳೆಲ್ಲ ಮಣ್ಣುಪಾಲು. ಮುಕ್ಕಾಲು ಪಾಲು ಹಳದಿಯಾದರೆ ಕೊಯ್ಲು. ಅದೂ ಇಬ್ಬನಿ ಆರುವ ಮೊದಲು, ಕಾಯಿ ಇನ್ನೂ ಮೆತ್ತಗಿರುವಾಗ. ಗಿಡವನ್ನು ಬುಡದಲ್ಲಿ ಕೊಯ್ದು ಹಳೇ ದಿಂಬಿನ ಚೀಲದೊಳಗೆ ತಲೆಕೆಳಗಾಗಿ ಇಳಿಸಿ, ಬಾಯಿ ಕಟ್ಟಿ, ಗಾಳಿಯಾಡುವ ಕಡೆ ನೇತುಹಾಕು. ಹತ್ತು ದಿನ ಕಳೆದ ಮೇಲೆ ಚೀಲದ ಸಮೇತ ಕೋಲಿನಿಂದ ಬಡಿ. ಕೇರುವಾಗ ಮೊರವನ್ನು ಜೋರಾಗಿ ಹಾರಿಸಬೇಡ. ಕಾಳು ಉರುಳಿ ಅಂಚಿಗೆ ಬರುತ್ತೆ, ಹೊಟ್ಟನ್ನು ಬಾಯಿಂದ ಊದಿದರೂ ಹೋಗುತ್ತೆ.

ಒಂದು ಎಚ್ಚರಿಕೆ. ನಿಮ್ಮ ಖಾಲಿ ಸೈಟುಗಳಲ್ಲಿ ಮುಳ್ಳೆಲೆಯ, ಹಳದಿ ಹೂವಿನ ದತ್ತೂರಿ ಗಿಡ ಇರುತ್ತಲ್ಲ, ಅದೊಂದೂ ಮಡಿಯ ಹತ್ತಿರ ಇರಕೂಡದು. ಅದರ ಬೀಜ ಥೇಟ್ ಸಾಸಿವೆಯ ಹಾಗೇ ದುಂಡಗೆ, ಕಪ್ಪಗೆ. 1998ರಲ್ಲಿ ದೆಹಲಿಯಲ್ಲಿ ಅದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು ಮೈ ಊದಿ 60ಕ್ಕೂ ಹೆಚ್ಚು ಜನ ಸತ್ತರು. ಅನುಮಾನದ ಕಾಳು ಕಂಡರೆ ಆರಿಸಿ ಎಸೆ.

ಮುಂದಿನ ವರ್ಷದ ಬಿತ್ತನೆಗೆ ಒಂದು ಚಮಚ ತೆಗೆದಿಡು. ಇದು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಜಾತಿ, ತಾಯಿಗಿಡದ ಗುಣ ಬಹುಮಟ್ಟಿಗೆ ಉಳಿಯುತ್ತೆ.

ಈಗ ಬಿತ್ತಿದರೆ ಫೆಬ್ರವರಿಗೆ ಕಾಳು ಕೈಗೆ ಬರುತ್ತೆ, ನಮ್ಮ ಹೊಳೆದಂಡೆಯ ಮಾವಿನ ಅಪ್ಪೆಮಿಡಿಯೂ ಆಗಲೇ. ನೀನು ಬರುವ ಹೊತ್ತಿಗೆ ಮಿಡಿಯನ್ನು ಉಪ್ಪಲ್ಲಿ ಹಾಕಿಟ್ಟಿರುತ್ತೇನೆ, ಸುಕ್ಕುಗಟ್ಟಿರುತ್ತೆ. ಆ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿದ ಮೇಲೆ ಉಪ್ಪಿನಕಾಯಿಗೆ ನಿನ್ನ ಸಾಸಿವೆ ಹಾಕಿ ಅರೆಯೋಣ. ಬಿಸಿ ಇರುವಾಗ ಹಾಕಿದರೆ ಯಾಕೆ ಕೆಡುತ್ತೆ ಅಂತ ನಿನಗೆ ಹೇಳಬೇಕಿಲ್ಲ. ಬರುವಾಗ ಫೇಡೆ ತರಬೇಡ, ಇಲ್ಲಿ ನಿನ್ನ ಮಾವನಿಗೆ ಸಕ್ಕರೆ ಇನ್ನೂ ಇಳಿದಿಲ್ಲ. ಅದರ ಬದಲು ಆ ವರ್ಷದ್ದೇ ಬ್ಯಾಡಗಿ ಮೆಣಸಿನಕಾಯಿ ಒಂದು ಕೆಜಿ ತಾ, ಇಲ್ಲಿಯ ಅಂಗಡಿಯವರು ಕೊಡುವುದಕ್ಕೆ ಬಣ್ಣವೇ ಇರುವುದಿಲ್ಲ.

ನಿನ್ನ
ಅತ್ತೆ