ತಾಳ ತಪ್ಪಿದ ಎದೆಯೊಡನೆ ಬೆಂಗಳೂರಿಗೆ

ಬೆಂಗಳೂರಿಗೆ ಜನರು ಹೋಗುವುದು ನಾನಾ ಕಾರಣಗಳಿಗಾಗಿ: ಉದ್ಯೋಗಕ್ಕೆ, ಮದುವೆಗೆ, ಕೋರ್ಟಿನ ವ್ಯವಹಾರಕ್ಕೆ, ಮೊಮ್ಮಕ್ಕಳ ಮುಖ ನೋಡುವುದಕ್ಕೆ. 2024ನೆಯ ಇಸವಿಯ ನವೆಂಬರ್ ತಿಂಗಳ ಕೊನೆಯಲ್ಲಿ ನಾನು ಶಿವಮೊಗ್ಗೆಯಿಂದ ಅಲ್ಲಿಗೆ ಹೊರಟದ್ದು ಎದೆಗೆ ವಿದ್ಯುತ್ತಿನ ಪೆಟ್ಟು ಹಾಕಿಸಿಕೊಳ್ಳುವುದಕ್ಕಾಗಿ. "ಕರೆಂಟು ಹೊಡೆದವರನ್ನು ಆಸ್ಪತ್ರೆಗೆ ಒಯ್ಯುವುದನ್ನು ಕಂಡಿದ್ದೇನೆ, ಹೊಡೆಸಿಕೊಳ್ಳುವುದಕ್ಕೆಂದೇ ಆಸ್ಪತ್ರೆಗೆ ಹೋಗುವವರನ್ನು ನೋಡಿದ್ದು ಇದೇ ಮೊದಲು" ಎಂದರು ನೆರೆಮನೆಯ ಹಿರಿಯರು. ಅವರು ನಕ್ಕರು. ನನಗೆ ಅಷ್ಟಾಗಿ ನಗು ಬರಲಿಲ್ಲ.

ನನ್ನ ಕಾಯಿಲೆಗೆ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯದಲ್ಲಿ ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ಕೋಣೆಗಳಿರುವುವಷ್ಟೆ. ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿರುವ ಒಂದು ಸಣ್ಣ ಗಂಟು, ಸುಮ್ಮನೆ ಕುಳಿತಾಗ, ನಿಮಿಷಕ್ಕೆ 60ರಿಂದ 100 ಸಲ ತಾಳ ಹಾಕುವುದು. ಉಳಿದ ಭಾಗಗಳೆಲ್ಲ ಅದನ್ನನುಸರಿಸಿ ನಡೆಯುವುವು. ಈ ರೋಗದಲ್ಲಿಯಾದರೋ ಮೇಲಿನ ಕೋಣೆಗಳಲ್ಲಿ ಕಂಡಕಂಡಲ್ಲಿ ವಿದ್ಯುತ್ತಿನ ಅಲೆಗಳೆದ್ದು, ಅವು ನಿಮಿಷಕ್ಕೆ 300ಕ್ಕೂ ಮೀರಿ ಕಂಪಿಸುತ್ತವೆಯೇ ಹೊರತು ಸರಿಯಾಗಿ ಕುಗ್ಗಿ ರಕ್ತವನ್ನು ದೂಡುವುದಿಲ್ಲ. ಭಜನೆಯ ಮೇಳದಲ್ಲಿ ಪ್ರತಿಯೊಬ್ಬನೂ ತನಗೆ ತೋರಿದಂತೆ ತಾಳ ಕುಟ್ಟತೊಡಗಿದರೆ ಹೇಗೋ ಹಾಗೆ. ನನಗೆ ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ಎಡಮಗ್ಗುಲಾಗಿ ಮಲಗಿದರೆ ಎದೆಯೊಳಗೆ ಹಕ್ಕಿಯೊಂದು ಸಿಕ್ಕಿಕೊಂಡು ರೆಕ್ಕೆ ಬಡಿಯುತ್ತಿರುವಂತೆ ತೋರುತ್ತಿತ್ತು.

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಚೆನ್ನಾಗಿ ಕದಲದ ರಕ್ತವು ಎಡಗಡೆಯ ಮೇಲಿನ ಕೋಣೆಗೆ ಅಂಟಿಕೊಂಡಿರುವ ಪುಟ್ಟ ಚೀಲದಂಥ ಭಾಗದಲ್ಲಿ ಹೆಪ್ಪುಗಟ್ಟಬಹುದು. ತಾಳ ಸರಿಹೋದ ಮೇಲೆ ಆ ಹೆಪ್ಪು ಕಿತ್ತುಕೊಂಡು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆದುದರಿಂದ ಚಿಕಿತ್ಸೆಗೆ ಮುನ್ನ ಮೂರು ವಾರ, ಆಮೇಲೆ ಕಡಮೆಯೆಂದರೆ ನಾಲ್ಕು ವಾರ, ರಕ್ತವನ್ನು ಹೆಪ್ಪುಗಟ್ಟಗೊಡದ ಮಾತ್ರೆಯನ್ನು ಒಂದು ಹೊತ್ತೂ ತಪ್ಪದಂತೆ ನುಂಗಬೇಕು. ನನ್ನದು ದಿನಕ್ಕೆರಡು ಹೊತ್ತಿನ ಮಾತ್ರೆ.

ರೈಲು ಭದ್ರಾವತಿಯ ನಿಲ್ದಾಣದಲ್ಲಿ ನಿಂತಾಗ ನನ್ನ ಮನಸ್ಸು ಕುಟುಕಿತು. ಹನ್ನೆರಡು ದಿನಗಳ ಹಿಂದೆ ಇದೇ ಊರಿಗೆ ಮದುವೆಗೆಂದು ಒಬ್ಬನೇ ಬಂದು ರಾತ್ರಿ ಉಳಿದಿದ್ದೆ; ಮಾತ್ರೆಯ ಡಬ್ಬಿ ಮನೆಯಲ್ಲಿಯೇ ಉಳಿದಿತ್ತು. ಒಂದು ರಾತ್ರಿ, ಮರುದಿನ ಬೆಳಗ್ಗೆ, ಹೀಗೆ ಎರಡು ಹೊತ್ತು ತಪ್ಪಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಚಿಕಿತ್ಸೆ ಮುಂದಕ್ಕೆ ಹೋಗುವುದು. ಮಗಳು ಕಷ್ಟಪಟ್ಟು ಪಡೆದ ರಜೆ ವ್ಯರ್ಥವಾಗುವುದು. ಎರಡು ಮಾತ್ರೆಯಿಂದ ಏನಾದೀತು ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ.

ತರೀಕೆರೆಯ ಬಳಿ ಪಡುವಲ ಬೆಟ್ಟಗಳ ಸಾಲು ಕಂಡು ಮರೆಯಾಯಿತು. ಬೀರೂರು, ಕಡೂರುಗಳನ್ನು ಕಳೆದು ಬಯಲುಸೀಮೆ ಬಂತು. ತಿಪಟೂರಿನ ತೆಂಗಿನ ತೋಟಗಳ ನಡುವೆ ಸಾಗುತ್ತಿರುವಾಗ ತಡೆಯಲಾರದೆ ಹೆಂಡತಿಗೆ ಹೇಳಿಬಿಟ್ಟೆ. ಆಕೆ ತುಮಕೂರಿನವರೆಗೆ ಮಾತನಾಡಲಿಲ್ಲ. ಆಮೇಲೆ, "ನಾಳೆ ಡಾಕ್ಟರಿಗೆ ನೀವು ಹೇಳುತ್ತೀರೋ, ನಾನು ಹೇಳಲೋ?" ಎಂದಳು.

ರಾತ್ರಿ ಮಗಳ ಮನೆಯಲ್ಲಿ ಊಟ. ಚಿಕಿತ್ಸೆಗೆ ಆರು ಗಂಟೆ ಮೊದಲಿನಿಂದ ಹೊಟ್ಟೆ ಖಾಲಿಯಿರಬೇಕು. ಮಾತ್ರೆಯನ್ನು ಮಾತ್ರ ಒಂದು ಗುಟುಕು ನೀರಿನೊಡನೆ ಬೆಳಗ್ಗೆಯೂ ನುಂಗಿಸಿದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ರಾಜ್ಯದ ಎಲ್ಲ ಸೀಮೆಗಳ ಮಾತೂ ಕಿವಿಗೆ ಬೀಳುತ್ತದೆ. ನನ್ನ ಪಕ್ಕದಲ್ಲಿ ಕಲಬುರ್ಗಿಯ ಕಡೆಯ ಅಜ್ಜಿಯೊಬ್ಬಳು ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಎಲ್ಲರ ಕಣ್ಣೂ ಒಂದೇ ಬಾಗಿಲಿನ ಮೇಲೆ.

ಒಪ್ಪಿಗೆಯ ಪತ್ರಕ್ಕೆ ರುಜು ಮಾಡಿಸಿಕೊಳ್ಳಲು ಬಂದ ವೈದ್ಯರು ನನ್ನ ಮಗನಿಗಿಂತ ಚಿಕ್ಕವರು. ಮಾತ್ರೆ ತಪ್ಪಿದ ಸಂಗತಿಯನ್ನು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ಹೇಳಿದ್ದು ಒಳ್ಳೆಯದಾಯಿತು, ಮೇಷ್ಟ್ರೇ. ಇಲ್ಲದಿದ್ದರೆ ನೇರವಾಗಿ ಷಾಕ್ ಕೊಟ್ಟುಬಿಡುತ್ತಿದ್ದೆವು." ಈಗ ಎರಡು ದಾರಿಗಳು: ಊರಿಗೆ ಹಿಂದಿರುಗಿ ಮತ್ತೆ ಮೂರು ವಾರ ಮಾತ್ರೆ ನುಂಗಿ ಬರುವುದು, ಇಲ್ಲವೆ ಅನ್ನನಾಳದೊಳಗೆ ಒಂದು ಕೊಳವೆಯನ್ನಿಳಿಸಿ, ಹೃದಯದ ಬೆನ್ನಿನ ಕಡೆಯಿಂದ ಶಬ್ದದ ಅಲೆಗಳನ್ನು ಕಳುಹಿಸಿ, ಹೆಪ್ಪು ಇದೆಯೇ ಎಂದು ನೋಡುವುದು. ಹೆಪ್ಪು ಕಂಡರೆ ಚಿಕಿತ್ಸೆ ಅಂದು ಇಲ್ಲ. ನಾನು ಎರಡನೆಯದಕ್ಕೆ ಒಪ್ಪಿದೆ.

ಕಟ್ಟಿಸಿದ ಹಲ್ಲನ್ನು ತೆಗೆಸಿದರು. ಗಂಟಲಿಗೆ ಕಹಿಯಾದ ಔಷಧವನ್ನು ಸಿಂಪಡಿಸಿದಾಗ ನಾಲಗೆಯು ಪರರದ್ದೆಂಬಂತೆ ಜಡವಾಯಿತು. ಮಂಪರಿನ ಮದ್ದು ಕೊಟ್ಟರೂ ಕಿರುಬೆರಳ ಗಾತ್ರದ ಕೊಳವೆಯನ್ನು ನುಂಗುವಾಗ ಓಕರಿಕೆ ಬಾರದಿರಲಿಲ್ಲ. ಇಡೀ ದಿನದ ಕಷ್ಟವೆಂದರೆ ಇದೊಂದೇ. ಹೆಪ್ಪು ಇರಲಿಲ್ಲ.

ವಿದ್ಯುತ್ತಿನ ಕೋಣೆ ತಣ್ಣಗಿತ್ತು. ಕಿರಿದಾದ ಮಂಚ, ಎದೆಯ ಮುಂದೊಂದು, ಬೆನ್ನಿಗೊಂದು ಅಂಟುವ ಪಟ್ಟಿ, ಮೂಗಿಗೆ ಆಮ್ಲಜನಕ, ಪಕ್ಕದ ತೆರೆಯ ಮೇಲೆ ನನ್ನದೇ ಹೃದಯದ ಅಡ್ಡಾದಿಡ್ಡಿ ಗೆರೆ. ಪೆಟ್ಟನ್ನು ಯಾವ ಕ್ಷಣದಲ್ಲಾದರೂ ಹಾಕುವಂತಿಲ್ಲ. ಪ್ರತಿ ಬಡಿತದ ನಡುವೆಯೂ ಒಂದು ದುರ್ಬಲವಾದ ಗಳಿಗೆಯುಂಟು. ಆಗ ಬಿದ್ದರೆ ಕೆಳಗಿನ ಕೋಣೆಗಳೂ ತಾಳ ತಪ್ಪಿ ಪ್ರಾಣಕ್ಕೇ ಕುತ್ತು. ಆ ಗಳಿಗೆಯನ್ನು ತಪ್ಪಿಸಿ, ಗೆರೆಯ ಎತ್ತರವಾದ ಶಿಖರಕ್ಕೆ ಹೊಂದಿಸಿ ಪೆಟ್ಟು ಹಾಕುವ ಕ್ರಮವನ್ನು 1962ರಲ್ಲಿ ಬಳಕೆಗೆ ತಂದವರು ಅಮೆರಿಕದ ಬಾಸ್ಟನ್ ನಗರದ ವೈದ್ಯ ಬರ್ನಾರ್ಡ್ ಲೌನ್. ಪರಮಾಣು ಯುದ್ಧವನ್ನು ತಡೆಯಲು ಇವರೂ ರಷ್ಯದ ಹೃದಯವೈದ್ಯ ಚಾಜೊವ್ ಅವರೂ ಕೂಡಿ ಕಟ್ಟಿದ ವೈದ್ಯರ ಸಂಘಕ್ಕೆ 1985ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತೆಂಬುದನ್ನು ನೆನೆದಾಗ, ಆ ಮಂಚದ ಮೇಲೂ ನನಗೆ ಸ್ವಲ್ಪ ಧೈರ್ಯ ಬಂತು.

ಅರಿವಳಿಕೆಯ ವೈದ್ಯರು ತೋಳಿನ ನಾಳಕ್ಕೆ ಹಾಲಿನಂಥ ಬಿಳಿಯ ಮದ್ದನ್ನು ಬಿಟ್ಟರು. ಮರುಕ್ಷಣವೆಂಬಂತೆ ಕಣ್ಣು ತೆರೆದು, "ಯಾವಾಗ ಕೊಡುತ್ತೀರಿ?" ಎಂದು ಕೇಳಿದೆ. "ಕೊಟ್ಟಾಯಿತು, ಮೇಷ್ಟ್ರೇ. ಒಂದಕ್ಕೆ ಜಗ್ಗಲಿಲ್ಲ, ಎರಡನೆಯದಕ್ಕೆ ದಾರಿಗೆ ಬಂತು" ಎಂದರು. ತೆರೆಯ ಮೇಲೆ ಗೆರೆಯು ಸಮಸಮವಾಗಿ ಸಾಗುತ್ತಿತ್ತು. ನನಗೆ ಪೆಟ್ಟಿನ ನೆನಪು ಎಳ್ಳಷ್ಟೂ ಇಲ್ಲ. ಎದೆಯ ಮೇಲೆ ಬಿಸಿಲಿಗೆ ಸುಟ್ಟಂತೆ ಕೆಂಪಾದ ಗುರುತು, ಗಂಟಲಲ್ಲಿ ಸ್ವಲ್ಪ ಕೆರೆತ, ಇಷ್ಟೇ.

ಗಂಟಲಿನ ಜಡತೆ ಇಳಿದ ಮೇಲೆ ಇಡ್ಲಿ ಕೊಟ್ಟರು. ಒಂದು ದಿನ ವಾಹನ ನಡೆಸಕೂಡದು, ಮಹತ್ವದ ಕಾಗದಪತ್ರಗಳಿಗೆ ರುಜು ಹಾಕಕೂಡದು ಎಂದು ವಿಧಿಸಿದರು. ತಾಳ ಮತ್ತೆ ತಪ್ಪುವುದು ಅಪರೂಪವಲ್ಲವೆಂದೂ, ಹಾಗಾದಲ್ಲಿ ಬೇರೆ ಔಷಧವೋ, ತೊಡೆಯ ಸಂದಿನ ರಕ್ತನಾಳದ ಮೂಲಕ ತಂತಿಯನ್ನು ಕಳುಹಿಸಿ ಮಾಡುವ ಅಬ್ಲೇಷನ್ ಎಂಬ ಚಿಕಿತ್ಸೆಯೋ ಉಂಟೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ತಾಳಕ್ಕೆ ಬಂದ ಮಾತ್ರಕ್ಕೆ ಮೇಲಿನ ಕೋಣೆಗಳಿಗೆ ಮೊದಲಿನ ಬಲ ಒಡನೆಯೇ ಬರುವುದಿಲ್ಲವಂತೆ. ಅದಕ್ಕೆ ವಾರಗಳು ಹಿಡಿಯುವುವು, ಅಷ್ಟರಲ್ಲಿಯೂ ಹೆಪ್ಪು ಮೂಡಬಹುದು. ಮುಂದಿನ ನಾಲ್ಕು ವಾರಗಳ ಮಾತ್ರೆ ಇದಕ್ಕಾಗಿಯೇ. ಇದನ್ನು ಹೇಳುವಾಗ ವೈದ್ಯರು ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಹೆಂಡತಿಯ ಮುಖವನ್ನು.

ಎರಡು ದಿನ ಮಗಳ ಮನೆಯಲ್ಲಿ ತಂಗಿದ್ದು ಸಂಜೆಯ ರೈಲಿಗೆ ಹೊರಟೆವು. ಕಿಟಕಿಗೆ ಒರಗಿ ಮಣಿಕಟ್ಟಿನ ನಾಡಿಯನ್ನು ಎಣಿಸಿದೆ: ನಿಮಿಷಕ್ಕೆ 68. ಅರಸೀಕೆರೆಯನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಎಂಟು ಗಂಟೆಯಾಯಿತು. ನಾನು ಜೇಬಿಗೆ ಕೈಹಾಕಿದೆ, ಡಬ್ಬಿ ಅಲ್ಲಿರಲಿಲ್ಲ. ಅದು ಯಾವಾಗಲೋ ಹೆಂಡತಿಯ ಕೈಚೀಲವನ್ನು ಸೇರಿತ್ತು.