ಚಿನ್ನದ ಊರಿನಲ್ಲಿ ಇಟಲಿಯ ಊಟ

ಅಮೆರಿಕದ ಡೆನ್ವರ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಶನಿವಾರ ಎಲ್ಲರೂ ಬ್ರೆಕನ್‌ರಿಡ್ಜ್ ಎಂಬ ಊರಿಗೆ ಹೊರಟೆವು. ರಾಕಿ ಪರ್ವತಗಳ ನಡುವೆ 9,600 ಅಡಿ ಎತ್ತರದಲ್ಲಿದೆ ಆ ಊರು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿಯ ಆಸುಪಾಸು. ಕಾರಿನಿಂದ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನನಗೂ ನನ್ನವಳಿಗೂ ಏದುಸಿರು.

ಮುಖ್ಯ ಬೀದಿಯ ಎರಡೂ ಕಡೆ ನೀಲಿ, ಹಳದಿ, ಕೆಂಪು ಬಣ್ಣದ ಹಳೆಯ ಮರದ ಮನೆಗಳು. 1859ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು, ಜನ ಮುಗಿಬಿದ್ದರು, ಊರು ಬೆಳೆಯಿತು. 1887ರಲ್ಲಿ ಟಾಮ್ ಗ್ರೋವ್ಸ್ ಎಂಬ ಗಣಿಗಾರನಿಗೂ ಅವನ ಜೊತೆಗಾರನಿಗೂ ಸುಮಾರು 5 ಕಿಲೋ ತೂಕದ ಚಿನ್ನದ ಗಟ್ಟಿಯೊಂದು ಸಿಕ್ಕಿತಂತೆ. ಟಾಮ್ ಅದನ್ನು ಕಂಬಳಿಯಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಊರೆಲ್ಲ ತೋರಿಸಿದನಂತೆ. ಹಾಗಾಗಿ ಅದಕ್ಕೆ 'ಟಾಮ್‌ನ ಕೂಸು' ಎಂದೇ ಹೆಸರು. ಈಗ ಅದು ಡೆನ್ವರ್‌ನ ವಸ್ತುಸಂಗ್ರಹಾಲಯದಲ್ಲಿದೆ. ಬ್ಯಾಂಕಿನಲ್ಲಿ ಅಡವಿನ ಬಳೆ, ಸರಗಳನ್ನು ಗ್ರಾಂ ಲೆಕ್ಕದಲ್ಲಿ ಬರೆದುಕೊಂಡವನು ನಾನು. 5 ಕಿಲೋ ಎಂದಾಗ ಒಂದು ಕ್ಷಣ ಸುಮ್ಮನಾದೆ.

ಮಧ್ಯಾಹ್ನದ ಊಟಕ್ಕೆ ಮಗ ಕರೆದೊಯ್ದದ್ದು ಅಂಥದೇ ಒಂದು ಹಳೆಯ ಮನೆಗೆ. ಒಳಗೆ ಇಟಾಲಿಯನ್ ಹೋಟೆಲು. ತಗ್ಗು ಮಾಡು, ಕಾಲಿಟ್ಟರೆ ಕಿರುಗುಡುವ ಹಲಗೆಯ ನೆಲ. ಹಿಂದೆ ಯಾರದೋ ಮಲಗುವ ಕೋಣೆಯಾಗಿದ್ದಿರಬಹುದಾದ ಜಾಗದಲ್ಲಿ ನಮಗೆ ಮೇಜು ಸಿಕ್ಕಿತು. ಗೋಡೆ ನೋಡುತ್ತ ಕೂತೆವು, ಪಾಸ್ತಾ ಬರಲೇ ಇಲ್ಲ. ಕೇಳಿದ್ದಕ್ಕೆ ಬಡಿಸುವ ಹುಡುಗಿ ನಕ್ಕು, ಈ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿದುಬಿಡುತ್ತದೆ, ಬೇಯಲು ಹೊತ್ತು ಹಿಡಿಯುತ್ತದೆ ಎಂದಳು. ಗಾಳಿಯ ಒತ್ತಡ ಕಡಿಮೆಯಲ್ಲವೇ! "ಒಂದು ಕುಕ್ಕರ್ ಇಟ್ಟುಕೊಳ್ಳಬಾರದೇ?" ಎಂದಳು ನನ್ನವಳು ಕನ್ನಡದಲ್ಲಿ.

ಕೊನೆಗೂ ತಟ್ಟೆ ಬಂತು. ಟೊಮೆಟೊ ಗೊಜ್ಜು, ತುಳಸಿಯ ಜಾತಿಯ ಎಲೆ, ಘಮಘಮ. ಹುಡುಗಿ ಪಾರ್ಮೆಸಾನ್ ಚೀಸ್ ತುರಿಯಲು ಕೈ ಎತ್ತಿದಳು. ಆಗ ಒಂಬತ್ತು ವರ್ಷದ ಮೊಮ್ಮಗಳು ನನ್ನ ತೋಳು ಹಿಡಿದು ಜಗ್ಗಿದಳು. "ತಾತ, ಅದು ಬೇಡ. ಅದರಲ್ಲಿ ಕರು ಇದೆ."

ಮಗ ಅವಳನ್ನು ಗದರುವಂತೆ ನೋಡಿದ. ನಾನು ಹುಡುಗಿಯನ್ನೇ ಕೇಳಿದೆ. ನಿಜ ಎಂದಳು. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸಲು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬುದನ್ನು ಹಾಕುತ್ತಾರೆ, ಅದು ಅಲ್ಲಿಯ ಕಟ್ಟುನಿಟ್ಟು. ಎಲ್ಲ ಚೀಸೂ ಹಾಗಲ್ಲ, ಪ್ರಾಣಿಯ ಸೋಂಕಿಲ್ಲದ ರೆನೆಟ್ ಕೂಡ ಉಂಟು. ನಮ್ಮೂರಿನಲ್ಲಾದರೆ ಪೊಟ್ಟಣದ ಹಸಿರು ಚುಕ್ಕೆ ನೋಡಿದರಾಯಿತು.

"ಹಾಗಾದರೆ ಮನೆಗೆ ತರಿಸುತ್ತಿದ್ದ ಪಿಜ್ಜಾ?" ಎಂದೆ. ಮಗ ಫೋರ್ಕಿನಿಂದ ಪಾಸ್ತಾ ಸುತ್ತುತ್ತಲೇ ಇದ್ದ. "ಗೊತ್ತಿಲ್ಲ ಅಪ್ಪ. ನಾನೂ ಕೇಳೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನಿಮಗೆ ಹೇಳಿದ್ರೆ ಏನೂ ತಿನ್ನಲ್ಲ ಅಂತ ಸುಮ್ಮನಿದ್ದೆ."

ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲಾರೆ. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಮೊಮ್ಮಗಳ ಮುಖ ಅಳುವ ಹಾಗಾಗಿತ್ತು, ತಾನೇ ತಪ್ಪು ಮಾಡಿದೆನೇನೋ ಎಂಬಂತೆ. ಅವಳ ತಲೆ ಸವರಿ, ಚೀಸ್ ಇಲ್ಲದ ಪಾಸ್ತಾವನ್ನೇ ತಿಂದೆ. ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಅದು ಹಾಗೇ ಇರಬೇಕಂತೆ.

ವಾಪಸು ಬರುವಾಗ ದಾರಿಯಲ್ಲೊಂದು ದೊಡ್ಡ ಅಂಗಡಿಯ ಮುಂದೆ ಮಗ ಕಾರು ನಿಲ್ಲಿಸಿದ. ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಅಪ್ಪ-ಮಗಳು ಚೀಸಿನ ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಪೊಟ್ಟಣ ತಿರುವಿ ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದರು.