ಬೀಗದ ಕೈ ಎಲ್ಲೈತೆ?

ಈ ವಾರ ಹಿತಕಿದ ಬೇಳೆ ಸಾರು ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಬರೆಯೋಕೆ ಆಗ್ಲಿಲ್ಲ ಕಣ್ರೀ. ಮನೆ ಕಂಪ್ಯೂಟರ್ ಜೊತೆ ಐದು ದಿನ ಗುದ್ದಾಡಿದ್ದೇ ಆಯ್ತು. ಆ ಕತೆ ಮೊದ್ಲು ಹೇಳಿಬಿಡ್ತೀನಿ. ಸಾರಿಗೂ ಇದಕ್ಕೂ ಸಂಬಂಧ ಐತೆ, ಕೊನೇಲಿ ಗೊತ್ತಾಗ್ತದೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಹಿಂದಿನ ಶೆಡ್‌ನಲ್ಲಿ ಆರು ಪವರ್‌ಲೂಮ್. ಬೆಳಿಗ್ಗೆಯಿಂದ ರಾತ್ರಿವರೆಗೂ ಲಟಪಟ ಲಟಪಟ. ಆ ಸದ್ದಲ್ಲೇ ಫೋನಲ್ಲಿ ಮಾತಾಡ್ತೀವಿ, ಆ ಸದ್ದಲ್ಲೇ ನಿದ್ದೆನೂ ಮಾಡ್ತೀವಿ. ಕರೆಂಟು ಹೋಗಿ ಮಗ್ಗ ನಿಂತ್ರೇನೇ ನಮಗೆ ಎಚ್ಚರ ಆಗೋದು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಂಗೇ ಕರೆಂಟು ಹೋಯ್ತು. ನಾನು ಕಂಪ್ಯೂಟರ್ ಮುಂದೆ ಕೂತು ಕೂಲಿ ಲೆಕ್ಕ ಬರೀತಿದ್ದೆ, ಅದು ಯುಪಿಎಸ್‌ನಲ್ಲಿ ಓಡ್ತಿತ್ತು. ಮನೆಯೆಲ್ಲ ಗಪ್‌ಚಿಪ್ ಆದಾಗ ಡಬ್ಬದ ಒಳಗಿಂದ ‘ಟಕ್… ಟಕ್… ಟಕ್’ ಅಂತ ಕೇಳಿಸ್ತು. ಎಷ್ಟು ದಿನದಿಂದ ಹಂಗೆ ಬಡ್ಕೊಳ್ತಿತ್ತೋ, ಮಗ್ಗದ ಸದ್ದಲ್ಲಿ ಯಾರಿಗೂ ತಿಳಿದಿರ್ಲಿಲ್ಲ. ನಮ್ಮನೆಯವರು ಬಂದು ಕಿವಿ ಕೊಟ್ಟು ಕೇಳಿದ್ರು. ಯಾವ ಮಗ್ಗದಲ್ಲಿ ಏನು ಸಡಿಲ ಆಗಿದೆ ಅಂತ ಊಟ ಮಾಡ್ತಾನೇ ಹೇಳೋ ಕಿವಿ ಅದು. “ಇದು ಸರಿಯಿಲ್ಲ ಕಣೇ. ಒಳಗೆ ಏನೋ ತಾಗ್ತಾ ಐತೆ” ಅಂದ್ರು.

ಮಗ ಇರೋದು ಜರ್ಮನಿಯಲ್ಲಿ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವನು ಕೆಲಸ ಮುಗಿಸಿ ಬರೋ ಹೊತ್ತಿಗೆ ಇಲ್ಲಿ ರಾತ್ರಿ ಹತ್ತೂವರೆ. ಸದ್ದನ್ನ ಫೋನಲ್ಲೇ ಕೇಳಿಸಿದೆ. “ಅಮ್ಮ, ಹಾರ್ಡ್ ಡಿಸ್ಕ್ ಹೋಗ್ತಾ ಇದೆ. ಹೇಗಿದ್ರೂ ಅದು ಹಳೇ ಮಿಷನ್ನು, ವಿಂಡೋಸ್ 11 ಹಾಕೋಕೆ ಆಗಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಮಾಮೂಲಿ ಸಪೋರ್ಟ್ ನಿಲ್ಲಿಸಿದ್ದಾರೆ. ಹೊಸದು ತಗೊಳ್ಳೋಣ ಬಿಡು. ಭಾನುವಾರ ಭಾನುವಾರ ಬ್ಯಾಕಪ್ ಅದರ ಪಾಡಿಗೆ ಅದು ಆಗ್ತಿರುತ್ತಲ್ಲ, ಯೋಚನೆ ಮಾಡ್ಬೇಡ” ಅಂದ.

ಬ್ಯಾಕಪ್ ಅಂದ್ರೆ ಏನಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಕಂಪ್ಯೂಟರಿನಲ್ಲಿ ಇರೋದನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡೋದು, ಅಷ್ಟೇ. ಮಗ ಅದಕ್ಕೊಂದು ಪ್ರೋಗ್ರಾಂ ಹಾಕಿ, ಹೊರಗಡೆ ಒಂದು ಪುಟ್ಟ ಡಿಸ್ಕು ಚುಚ್ಚಿಟ್ಟು ಹೋಗಿದ್ದ. ಅದರ ದೀಪ ಹತ್ತಿಕೊಂಡಿರೋದು ನೋಡಿ, ದೇವರ ಮನೆ ನಂದಾದೀಪ ನೋಡಿದ ಹಾಗೆ ನನಗೂ ಧೈರ್ಯ.

ಆದ್ರೂ ಮನಸ್ಸು ತಡೀಲಿಲ್ಲ. ಮಾರನೇ ದಿನ ಆ ಡಿಸ್ಕು ತೆಗೆದು ನೋಡಿದೆ. ಕೊನೇ ನಕಲಿನ ತಾರೀಕು 2023ರ ನವೆಂಬರ್! ಎದೆ ಧಸಕ್ಕಂತು. ಎರಡು ವರ್ಷದ ಮೇಲಾಗಿದೆ, ದೀಪ ಮಾತ್ರ ಉರೀತಾ ಇದೆ.

ಸರಿ, ನಾನೇ ಓಡಿಸೋಣ ಅಂತ ಪ್ರೋಗ್ರಾಂ ಒತ್ತಿದೆ. ಪರದೆಯೆಲ್ಲ ಮಂಕಾಗಿ ನಡುವೆ ಒಂದು ಚೌಕ ಬಂತು. ಮುಂದುವರಿಯೋಕೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕಂತೆ. ಕೆಳಗೆ ಮಗನ ಹೆಸರು, ಪಕ್ಕದಲ್ಲಿ ಖಾಲಿ ಜಾಗ. ಈ ಕಂಪ್ಯೂಟರಿನಲ್ಲಿ ಎರಡು ಖಾತೆ. ಮಗನದು ಅಡ್ಮಿನಿಸ್ಟ್ರೇಟರ್, ಅಂದ್ರೆ ಯಜಮಾನ. ನನ್ನದು ‘ಅಮ್ಮ’ ಅಂತ ಹೆಸರು, ದರ್ಜೆ ಸ್ಟ್ಯಾಂಡರ್ಡ್ ಯೂಸರ್. ಖಾತೆ ಮಾಡುವಾಗ ಅವರಪ್ಪನ ಹತ್ರ, “ಅಮ್ಮನಿಗೆ ಎಲ್ಲ ಬಿಟ್ಟುಕೊಟ್ರೆ ಏನಾದ್ರೂ ಒತ್ತಿಬಿಡ್ತಾರೆ” ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಮೂವತ್ತು ವರ್ಷದ ಮೇಲಾಯ್ತು ಈ ಮನೆ ಅಕ್ಕಿ ಡಬ್ಬದಿಂದ ಆಳುಗಳ ಕೂಲಿವರೆಗೂ ನೋಡ್ಕೊಂಡು. ಈ ಡಬ್ಬದಲ್ಲಿ ಮಾತ್ರ ನಾನು ಮೂರನೆಯವಳು. ಸ್ವಲ್ಪ ಚುರುಕ್ ಅಂತು, ಸುಳ್ಳು ಹೇಳಲ್ಲ.

ಇವನ ಪ್ರೋಗ್ರಾಂ ಯಾಕೆ, ಕೈಯಲ್ಲೇ ನಕಲು ಮಾಡ್ತೀನಿ ಅಂತ ಹಟ ಬಂತು. ಎಲ್ಲ ಫೋಲ್ಡರ್ ಹಿಡಿದು ಕಾಪಿ ಹೊಡೆದೆ. ನಡುವೆ ಒಂದು ಕಡೆ ‘ಅನುಮತಿ ಬೇಕು’ ಅಂತ ನಿಂತು, ಕಂಟಿನ್ಯೂ, ಸ್ಕಿಪ್ ಅಂತ ಕೇಳ್ತು. ಕಂಟಿನ್ಯೂ ಅಂದ್ರೆ ಮತ್ತೆ ಪಾಸ್‌ವರ್ಡ್. ಸ್ಕಿಪ್ ಒತ್ತಿದೆ. ಸಂಜೆ ಹೊತ್ತಿಗೆ ಪೂರ್ತಿ ಆಯ್ತು. ಗೆದ್ದೆ ಅಂತ ಕಾಫಿ ಮಾಡ್ಕೊಂಡು ಕುಡಿದೆ.

ರಾತ್ರಿ ಈ ಬ್ಲಾಗಿಗೆ ಸಾರು ಬರೆಯೋಣ ಅಂತ ಕೂತಾಗ ನೆನಪಾಯ್ತು. ನಮ್ಮತ್ತೆ ಹಿತಕಿದ ಬೇಳೆ ಸಾರು ಮಾಡೋದನ್ನ 2018ರ ಅವರೆಕಾಯಿ ಕಾಲದಲ್ಲಿ ಮಗ ತನ್ನ ಫೋನಲ್ಲಿ ಹಿಡಿದಿದ್ದ. ಒಂಬತ್ತು ತುಂಡು. ಮುಂದಿನ ವರ್ಷ ಅತ್ತೆ ಹೋದ್ರು. ಅವರ ದನಿ ಉಳಿದಿರೋದು ಅಷ್ಟರಲ್ಲೇ. 2023ರ ದೀಪಾವಳಿಗೆ ಬಂದಾಗ ಮಗ ಆ ಹಳೇ ಫೋನು ಖಾಲಿ ಮಾಡಿ, ಎಲ್ಲ ಈ ಕಂಪ್ಯೂಟರಿಗೆ ತುಂಬಿ, ಫೋನು ಕೊಟ್ಟುಬಿಟ್ಟ. ತುಂಬಿದ್ದು ಅವನ ಖಾತೆಯ ಫೋಲ್ಡರಿಗೆ. ನಾನು ಸ್ಕಿಪ್ ಮಾಡಿದ್ದೂ ಅದನ್ನೇ.

ಆಮೇಲೆ ಎಲ್ಲಿ ನಿದ್ದೆ? ಮಗನಿಗೆ ಫೋನ್ ಮಾಡಿದೆ. ಎರಡು ವರ್ಷದ ಹಿಂದಿನ ಮಾತು, ಅವನಿಗೂ ಪಾಸ್‌ವರ್ಡ್ ಸರಿಯಾಗಿ ನೆನಪಿಲ್ಲ. ಮೂರು ಹೇಳಿದ, ಬರ್ಕೊಂಡೆ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ನಡುವೆ ಆ ಸುತ್ತಿಕೊಂಡಿರೋ ‘ಅಟ್’ ಗುರುತು. ಮೂರೂ ತಪ್ಪು ಅಂತು. “ಹಾಗಾದ್ರೆ ಮರೆತೇಹೋಗಿದೆ ಅಮ್ಮ” ಅಂದ. ಅವನ ದನಿನೂ ಇಳೀತು. ಅವನಜ್ಜಿ ಅಲ್ವಾ?

ಬೆಳಿಗ್ಗೆ ಪೇಟೆಯಲ್ಲಿ ರಿಪೇರಿ ಮಾಡೋ ಹುಡುಗನ್ನ ಕರೆಸಿದೆ. “ಅಡ್ಮಿನ್ ಪಾಸ್‌ವರ್ಡ್ ಇಲ್ವಾ ಆಂಟಿ? ಬಿಡಿ, ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕ್ಕೊಡ್ತೀನಿ, ಒಂದೇ ಗಂಟೆ” ಅಂದ. ಫಾರ್ಮ್ಯಾಟ್ ಅಂದ್ರೆ ಇರೋದನ್ನೆಲ್ಲ ಅಳಿಸೋದು ಅನ್ನೋಷ್ಟು ನನಗೆ ಗೊತ್ತಿತ್ತು. ಟೀ ಕೊಟ್ಟು, “ಬೇಡ ಕಣಪ್ಪ, ಆಮೇಲೆ ಹೇಳ್ತೀನಿ” ಅಂತ ಕಳಿಸಿದೆ. ಗೊತ್ತಿಲ್ಲದೆ ‘ಹೂಂ’ ಅಂದುಬಿಟ್ಟಿದ್ರೆ?

ಆವತ್ತೆಲ್ಲ ಅತ್ತೆಯ ಟ್ರಂಕೇ ಕಣ್ಣ ಮುಂದೆ. ನಾನು ಮದುವೆಯಾಗಿ ಈ ಮನೆಗೆ ಬಂದಿದ್ದು 1993ರಲ್ಲಿ. ಹನ್ನೊಂದು ವರ್ಷ ಬೀಗದ ಕೈ ಗೊಂಚಲು ಅತ್ತೆ ಸೊಂಟದಲ್ಲೇ ಇತ್ತು. ಸಕ್ಕರೆ ಬೇಕಂದ್ರೂ ಅವರನ್ನೇ ಕೇಳ್ಬೇಕು. 2004ರಲ್ಲಿ ಅವರಿಗೆ ಲಕ್ವ ಹೊಡೆದು ಮಾತು ನಿಂತುಹೋಯ್ತು. ಆಸ್ಪತ್ರೆಗೆ ದುಡ್ಡು ಬೇಕು, ದುಡ್ಡು ಟ್ರಂಕಿನಲ್ಲಿ, ಟ್ರಂಕಿನ ಕೈ ಮಾತ್ರ ಗೊಂಚಲಲ್ಲಿ ಇಲ್ಲ. ಎಲ್ಲೋ ಬೇರೆ ಇಟ್ಟಿದ್ರು. ಅವರು ಕಣ್ಣಲ್ಲೇ ಏನೋ ಹೇಳ್ತಾರೆ, ನಮಗೆ ತಿಳೀವಲ್ದು. ಕೊನೆಗೆ ಬೀಗ ಒಡೆಸಿದ್ವಿ. ಆರು ತಿಂಗಳಾದ ಮೇಲೆ ಮಾತು ಬಂದಾಗ ಗೊಂಚಲು ನನ್ನ ಕೈಗೆ ಕೊಟ್ಟು, “ಕೈ ಎಲ್ಲೈತೆ ಅಂತ ಮನೇಲಿ ಇಬ್ರಿಗೆ ಗೊತ್ತಿರ್ಬೇಕು ಕಣವ್ವ. ನಾನು ತಪ್ಪು ಮಾಡ್ದೆ” ಅಂದ್ರು.

ಮಧ್ಯಾಹ್ನ ಸುಮ್ನಿರಲಾರದೆ ನಿಮಗೆಲ್ಲ ‘ಈ ವಾರ ಸಾರಿಲ್ಲ’ ಅಂತ ಎರಡು ಸಾಲು ಟೈಪ್ ಮಾಡೋಕೆ ಕೂತೆ. ಕನ್ನಡ ಸಲೀಸಾಗಿ ಮೂಡ್ತು. ಆಗ ತಲೆಗೆ ಹೊಳೀತು ನೋಡಿ. ನನ್ನ ಕೀಬೋರ್ಡು ಯಾವಾಗ್ಲೂ ಕನ್ನಡದಲ್ಲೇ ಇರೋದು! ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಬರೀ ಕಪ್ಪು ಚುಕ್ಕೆ ಕಾಣುತ್ತೆ, ಅಕ್ಷರ ಕಾಣಲ್ಲ. ಮಗ ಹೇಳಿದ ಇಂಗ್ಲಿಷ್ ಅಕ್ಷರವನ್ನ ನಾನು ರಾತ್ರಿಯೆಲ್ಲ ಕನ್ನಡದಲ್ಲಿ ಕುಟ್ಟಿದ್ದೆ. ಕೀಬೋರ್ಡನ್ನ ಇಂಗ್ಲಿಷಿಗೆ ತಿರುಗಿಸಿ, ಕ್ಯಾಪ್ಸ್ ಲಾಕ್ ದೀಪ ಆರಿದೆಯಾ ನೋಡಿ, ಚೀಟಿಯಲ್ಲಿದ್ದ ಮೊದಲನೇದನ್ನ ನಿಧಾನಕ್ಕೆ ಹೊಡೆದೆ. ಬಾಗಿಲು ತೆಗೀತು. ಪಾಸ್‌ವರ್ಡ್ ಏನಂತ ಮಾತ್ರ ಕೇಳ್ಬೇಡಿ, ಇಲ್ಲಿ ಬರೆದ್ರೆ ಇಷ್ಟೆಲ್ಲ ಒದ್ದಾಡಿದ್ದು ದಂಡ!

ರಾತ್ರಿ ಮಗ ವಿಡಿಯೋ ಕಾಲಿನಲ್ಲಿ ಬಂದ. ಬಂದವನೇ, “ಮೊದ್ಲು ಪ್ರೋಗ್ರಾಂ ಓಡಿಸ್ಬೇಡ ಅಮ್ಮ. ಡಿಸ್ಕು ಸಾಯ್ತಿರೋವಾಗ ಪೂರ್ತಿ ನಕಲಿಗೆ ಹೋದ್ರೆ ನಡುವೆಯೇ ಕೈಕೊಡಬಹುದು. ಯಾವುದು ಹೋದ್ರೆ ಮತ್ತೆ ಸಿಗಲ್ವೋ ಅದನ್ನ ಮೊದಲು ತೆಗಿ” ಅಂದ. ಮನೆಗೆ ಬೆಂಕಿ ಬಿದ್ರೆ ಮಗೂನ ಎತ್ತಿಕೊಳ್ತೀವೇ ಹೊರತು ಪಾತ್ರೆ ಎಣಿಸ್ತಾ ಕೂರಲ್ಲ. ಅತ್ತೆಯ ಒಂಬತ್ತು ತುಂಡು ಮೊದಲು ಬಂತು. ಆಮೇಲೆ ಮಾವನವರ ಕಾಲದ ಸೀರೆ ಡಿಸೈನಿನ ಗ್ರಾಫ್ ಹಾಳೆಗಳ ಸ್ಕ್ಯಾನು. ಆಮೇಲೆ ಲೆಕ್ಕ. ಕೊನೆಗೆ ಪ್ರೋಗ್ರಾಂ ಮೇಲೆ ಬಲಗಡೆ ಗುಂಡಿ ಒತ್ತಿ, ‘ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು’ ಅನ್ನೋದನ್ನ ಆರಿಸಿದೆ. ಟಕ್ ಟಕ್ ಅಂತಾನೇ ಮೂರು ಗಂಟೆ ಓಡಿ ಮುಗೀತು.

ಅದಕ್ಕೆ ಯಾಕೆ ಯಜಮಾನನ ಅಧಿಕಾರ ಬೇಕು ಅಂತ ಕೇಳಿದೆ. ಎರಡು ಕಾರಣ ಹೇಳಿದ. ಒಂದು, ಎಲ್ಲರ ಕೋಣೆಯೊಳಗೂ ಹೋಗಿ ತರ್ಬೇಕು, ಒಬ್ಬರ ಫೋಲ್ಡರ್ ಇನ್ನೊಬ್ಬರು ನೋಡದ ಹಾಗೆ ವಿಂಡೋಸ್ ಕಾಯುತ್ತೆ. ಇನ್ನೊಂದು, ತೆರೆದಿಟ್ಟು ಬಳಸ್ತಿರೋ ಲೆಕ್ಕದ ಫೈಲನ್ನೂ ನಕಲು ಮಾಡ್ಬೇಕು. ಅದಕ್ಕೆ ಡಿಸ್ಕು ಆ ಕ್ಷಣದಲ್ಲಿ ಹೇಗಿದೆಯೋ ಹಾಗೇ ಒಂದು ಪಟ ಹಿಡಿಯುತ್ತಂತೆ, ಮಗ್ಗ ನಿಲ್ಲಿಸದೇ ಮಗ್ಗದ ಫೋಟೋ ತೆಗೆದ ಹಾಗೆ. ವಾಲ್ಯೂಮ್ ಶ್ಯಾಡೋ ಕಾಪಿ ಅಂತ ಹೆಸರು. ಅದನ್ನ ಕರೆಯೋಕೆ ಯಜಮಾನನೇ ಆಗ್ಬೇಕು.

ಮತ್ತೆ ಎರಡು ವರ್ಷ ಯಾಕೆ ನಿಂತಿತ್ತು? ಆ ದೀಪಾವಳಿಯಲ್ಲೇ ಮಗ ಪಾಸ್‌ವರ್ಡ್ ಬದಲಾಯಿಸಿದ್ದ. ಭಾನುವಾರದ ಕೆಲಸಕ್ಕೆ ಹೊಸದನ್ನ ಹೇಳೋದು ಮರೆತಿದ್ದ. ಪಾಪ, ಅದು ಹಳೇ ಕೈ ಹಿಡ್ಕೊಂಡು ವಾರ ವಾರ ಬಂದು, ಬಾಗಿಲು ತೆಗೀದೆ ವಾಪಸ್ ಹೋಗ್ತಿತ್ತು. ಯಾರಿಗೂ ಹೇಳಲೂ ಇಲ್ಲ. ಈಗ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಪಾಸ್‌ವರ್ಡ್ ತುಂಬಿದ್ದಾಯ್ತು.

‘ಮುಗೀತು’ ಅನ್ನೋ ಮಾತನ್ನ ಮಾತ್ರ ಈ ಸಲ ನಂಬಲಿಲ್ಲ. ಬೆಳಿಗ್ಗೆ ಡಿಸ್ಕು ತಗೊಂಡು ಪಕ್ಕದ ಮನೆ ಹುಡುಗಿಯ ಲ್ಯಾಪ್‌ಟಾಪಿಗೆ ಹಾಕಿಸಿದೆ. ನಾಲ್ಕನೇ ತುಂಡು ಒತ್ತಿದೆ. “ಉಪ್ಪು ಈಗ್ಲೇ ಹಾಕ್ಬ್ಯಾಡ, ಬೇಳೆ ಬೇಯಾಕಿಲ್ಲ. ಆ ಫೋನು ಅತ್ಲಾಗಿಡು, ಒಲೆ ನೋಡು” ಅಂತ ಅತ್ತೆ ಗದರಿದ್ರು. ನಮ್ಮನೆಯವರೂ ಬಂದು ಹಿಂದೆ ನಿಂತಿದ್ರು. ಏನೂ ಮಾತಾಡ್ಲಿಲ್ಲ, ಒಂಬತ್ತೂ ನೋಡಿ ಮಗ್ಗಕ್ಕೆ ಹೋದ್ರು.

ಮಗ, “ಇನ್ಮೇಲೆ ನಿನ್ನ ಖಾತೆಯನ್ನೇ ಅಡ್ಮಿನ್ ಮಾಡ್ಬಿಡ್ತೀನಿ ಅಮ್ಮ, ಸಾರಿ” ಅಂದ. ಬೇಡ ಅಂದೆ. ದಿನಾ ಆ ಅಧಿಕಾರದಲ್ಲಿ ಕೂತಿದ್ರೆ, ಗೊತ್ತಿಲ್ಲದೆ ಯಾವುದೋ ಕೆಟ್ಟ ಫೈಲು ತೆಗೆದ್ರೂ ಅದಕ್ಕೂ ಅದೇ ಅಧಿಕಾರ ಸಿಗುತ್ತಂತೆ. ಪರದೆ ಮಂಕಾಗಿಸಿ ಕೇಳೋ ಆ ಚೌಕ 2007ರಲ್ಲಿ ವಿಸ್ತಾ ಬಂದಾಗಿನಿಂದ ಇರೋದು ಅದಕ್ಕೇ. ಬೀರು ಬೀಗದ ಕೈ ಸೊಂಟದಲ್ಲಿ ಸಿಕ್ಕಿಸ್ಕೊಂಡು ಸಂತೆಗೆ ಹೋಗ್ತೀವಾ? ಬೇಕಾದಾಗ ತಗೊಂಡು ಮತ್ತೆ ಮೊಳೆಗೆ ನೇತುಹಾಕ್ತೀವಿ. ನನಗೆ ಬೇಕಿದ್ದಿದ್ದು ದರ್ಜೆ ಅಲ್ಲ, ಮೊಳೆ ಎಲ್ಲೈತೆ ಅನ್ನೋದು. ಪಾಸ್‌ವರ್ಡನ್ನ ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಬೀರುವಿನಲ್ಲಿ ಒಡವೆ ಡಬ್ಬದ ಕೆಳಗೆ ಇಟ್ಟಿದ್ದೀನಿ. ನಮ್ಮನೆಯವರಿಗೂ ತೋರಿಸಿದ್ದೀನಿ.

ಇನ್ನೆರಡು ಕೆಲಸ ಮಾಡಿದೆ. ಡಿಸ್ಕನ್ನ ಯಾವಾಗ್ಲೂ ಚುಚ್ಚಿಡಲ್ಲ, ಭಾನುವಾರ ನಕಲಾದ ಮೇಲೆ ಕಿತ್ತಿಡ್ತೀನಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅಂತ ಬಂದಿತ್ತಲ್ಲ, ಲೋಕದ ತುಂಬ ಕಂಪ್ಯೂಟರುಗಳ ಫೈಲಿಗೆ ಬೀಗ ಹಾಕಿ ದುಡ್ಡು ಕೇಳ್ತಿತ್ತು. ಅಂಥದ್ದು ಬಂದ್ರೆ ಚುಚ್ಚಿರೋ ಡಿಸ್ಕಿಗೂ ಬೀಗ ಬೀಳುತ್ತೆ. ಮತ್ತೆ ಅತ್ತೆಯ ಒಂಬತ್ತು ತುಂಡನ್ನ ಒಂದು ಪೆನ್‌ಡ್ರೈವಿಗೆ ಹಾಕಿ ದೇವನಹಳ್ಳಿಯ ನನ್ನ ತಂಗಿ ಮನೆಗೆ ಕಳಿಸಿದೆ. ಎಲ್ಲ ಒಂದೇ ಸೂರಿನ ಕೆಳಗೆ ಬೇಡ.

ನಿಮ್ಮನೇಲೂ ಕಂಪ್ಯೂಟರ್ ಇದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ, ಇದರ ಯಜಮಾನ ಯಾರು, ಕೈ ಎಲ್ಲೈತೆ, ಕೊನೇ ನಕಲಿನ ತಾರೀಕು ಯಾವುದು ಅಂತ. ದೀಪ ಉರೀತೈತೆ ಅಂತ ನನ್ನ ಹಾಗೆ ಸುಮ್ನಿರಬೇಡಿ, ತೆಗೆದು ನೋಡಿ.

ಅವರೆಕಾಯಿ ಇನ್ನೂ ಸಿಗ್ತಿದೆ. ನಾಳೆ ಎರಡು ಕೇಜಿ ತಂದು ಸುಲಿದು ನೆನೆಸ್ತೀನಿ. ಮುಂದಿನ ವಾರ ಸಾರು ಖಂಡಿತ, ಅತ್ತೆ ಹೇಳಿದ ಅಳತೆಯಲ್ಲೇ. ಉಪ್ಪು ಕೊನೇಲಿ.